ಮದ್ದು ಬೇಡವೆನ್ನುವ ಮದ್ದಿನಂಗಡಿ

ನನ್ನ ಸೋದರಮಾವನಷ್ಟು ಕೆಟ್ಟ ವ್ಯಾಪಾರಿ ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹಂಪನಕಟ್ಟೆಯಲ್ಲಿ ಅವರದೊಂದು ಮದ್ದಿನ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತಿದೊಡನೆ ಮಾಮ ಯೋಚಿಸುತ್ತಿದ್ದದ್ದು ಒಂದೇ: ಇವರನ್ನು ಬರಿಗೈಯಲ್ಲಿ ಕಳುಹಿಸಲು ಸಾಧ್ಯವೇ?

ಗುಮಾಸ್ತರೊಬ್ಬರು ನಿದ್ರೆ ಬರುವುದಿಲ್ಲವೆಂದು ಟಾನಿಕ್ ಕೇಳಿದರು.

"ಸಂಜೆ ಎಷ್ಟು ಕಾಫಿ ಕುಡೀತೀರಿ?"

"ನಾಲ್ಕು."

"ಟಾನಿಕ್ ಬೇಡ. ಕಾಫಿ ಬಿಡಿ."

ಗುಮಾಸ್ತರು ಮುನಿಸಿಕೊಂಡು ಎದುರಿನ ಅಂಗಡಿಯಲ್ಲಿ ದೊಡ್ಡ ಬಾಟಲಿಯನ್ನೇ ಕೊಂಡರು. ಕಾಫಿ ಬಿಡುವುದಕ್ಕಿಂತ ಅದು ಸುಲಭವಲ್ಲವೇ?

ಐವತ್ತರ ದಶಕದ ಕೊನೆಗೆ ಸರಕಾರ ಆಮದು ಬಿಗಿ ಮಾಡಿದಾಗ ಪರದೇಶದ ಮದ್ದುಗಳು ಮಾಯವಾದವು. ಪತ್ರಿಕೆಯಲ್ಲಿ 'ವಿದೇಶೀ ವಿನಿಮಯದ ಅಭಾವ' ಎಂದಿತ್ತು. ಮಾಮ ಅದನ್ನೋದಿ, ಆಗಷ್ಟೇ ಟೀಚರಾಗಿದ್ದ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. "ಜನರಿಗೆ ಅರ್ಥ ಆಗುವ ಹಾಗೆ ಬರಿ ಮಗಳೇ." ನಾನು ಹಲಗೆ ತುಂಬ ಬರೆದೆ. ಅವರು ಒರೆಸಿ ಒರೆಸಿ ಕೊನೆಗೆ ಉಳಿಸಿದ್ದಿಷ್ಟು: 'ಪರದೇಶದ ಟಾನಿಕ್ ಇಲ್ಲ. ತರಿಸಲು ದೇಶದ ಹತ್ತಿರ ಪರದೇಶದ ಹಣವಿಲ್ಲ. ಹೆಚ್ಚಿನವರಿಗೆ ಅದು ಬೇಕಾಗಿಯೂ ಇಲ್ಲ.'

ಅತ್ತೆ ಓದಿದರು. "ಕೊನೆಯ ಸಾಲು ಹೇಳಿದ್ದು ಸರಕಾರವಾ?"

"ಅಲ್ಲ, ನಾನು."

"ಅದಕ್ಕೇ ನಮ್ಮ ಅಂಗಡಿಗೆ ಇನ್ನೂ ಫ್ಯಾನ್ ಬರ್ಲಿಲ್ಲ."

ಒಂದು ಶನಿವಾರ ಮಧ್ಯಾಹ್ನ ಕೂಳೂರಿನ ಹೆಂಗಸೊಬ್ಬರು ಜ್ವರದಿಂದ ಸುಡುತ್ತಿದ್ದ ಮಗಳನ್ನು ಎತ್ತಿಕೊಂಡು ಬಂದರು. ಡಾಕ್ಟರ ಚೀಟಿಯಲ್ಲಿ ಐದು ಮದ್ದು. ಆಕೆಯ ಸೆರಗಿನ ಗಂಟಿನಲ್ಲಿದ್ದ ಹಣ ಎರಡಕ್ಕಷ್ಟೇ ಸಾಕು. "ಉಳಿದದ್ದು ನಾನು ಕೊಡ್ತೇನೆ" ಎಂದರು ಮಾಮ. ಆಕೆ ಒಪ್ಪಲಿಲ್ಲ. "ಬಿಟ್ಟಿ ಬೇಡ ಸ್ವಾಮೀ, ಆಗುವಷ್ಟೇ ಕೊಡಿ."

ಯಾವ ಎರಡು ಕೊಡುವುದು? ಮಾಮ ಅತ್ತೆಯನ್ನು ಅಂಗಡಿಯಲ್ಲಿ ಕೂರಿಸಿ, ಚೀಟಿ ಹಿಡಿದು ಡಾಕ್ಟರ ಮನೆಯಿದ್ದ ಕದ್ರಿ ಗುಡ್ಡ ಹತ್ತಿದರು. ನಾನೂ ಹಿಂದೆಯೇ ಓಡಿದೆ. ಡಾಕ್ಟರು ಊಟ ಬಿಟ್ಟು ಎದ್ದು ಬಂದರು.

"ನೀವು ಮದ್ದು ಮಾರುವವರಾ, ನನ್ನ ತಪ್ಪು ಹುಡುಕುವವರಾ?"

"ಮಾರುವವನೇ ಡಾಕ್ಟ್ರೇ. ಅವರಿಗೆ ಎರಡು ತಗೊಳ್ಳಲಿಕ್ಕೆ ಮಾತ್ರ ಆಗ್ತದೆ. ಮಗು ಉಳೀಲಿಕ್ಕೆ ಯಾವ ಎರಡು ಬೇಕು?"

ಡಾಕ್ಟರು ಚೀಟಿಯನ್ನು ಇಸಿದುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನು ತೆಗೆದು ಮೂರನ್ನು ಹೊಡೆದುಹಾಕಿದರು.

ಎಂಟು ದಿನ ಕಳೆದು ಆ ಮಗು ನಮ್ಮ ಅಂಗಡಿಯ ಮೆಟ್ಟಿಲನ್ನು ತಾನೇ ಹತ್ತಿ ಬಂತು. ಊರಿಗೆ ಗೊತ್ತಿರುವುದು ಅಷ್ಟು. ನನಗೆ ಗೊತ್ತಿರುವುದು ಇನ್ನೂ ಸ್ವಲ್ಪ ಉಂಟು.

ಅಂದು ಗುಡ್ಡ ಇಳಿಯುವಾಗ ಮಾಮ ದಾರಿಬದಿಯ ಪಾಗಾರದ ಗೋಡೆಯ ಮೇಲೆ ಕುಳಿತುಬಿಟ್ಟರು.

"ಎಂತ ಮಾಮ, ಸುಸ್ತಾಯ್ತಾ?"

"ಇಲ್ಲ ಮಗಳೇ, ಹೆದರಿಕೆ. ಅವರು ಅಷ್ಟು ಕಲಿತವರು. ನಾನು ಮ್ಯಾಟ್ರಿಕ್ ಫೇಲು. ಚೀಟಿ ನೀನು ಹಿಡ್ಕೋ, ನನ್ನ ಕೈಯಿಂದ ಬೀಳ್ತದೆ."

ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಅವರ ಕೈ ಹಿಡಿದು ಹೊರಟೆ. ಅಂಗಡಿ ತಲುಪುವವರೆಗೂ ಅವರು ಕೈ ಬಿಡಿಸಿಕೊಳ್ಳಲಿಲ್ಲ.