ಹೋದ ಸಲದಂಗ ಆಗೇತಿ

ಕಂಪ್ಯೂಟರಿಗೆ ಬುದ್ಧಿ ಬಂದರೆ ಮನುಷ್ಯನಿಗೆ ಬಿಡುವು ಸಿಗುತ್ತದೆಂದು ನಂಬಿ ಕೆಟ್ಟ ಒಬ್ಬನ ಕತೆ ಇದು. ಖರೇ ನಡೆದದ್ದು. ಸುಳ್ಳೆನಿಸಿದರೆ ಕುನಾಲನಿಗೆ ಫೋನ್ ಮಾಡಿ ಕೇಳಬಹುದು. ಎಲ್ಲರೂ ಮಾಡುವುದು ಅದನ್ನೇ.

ಕುನಾಲ ಬೆಳಗಾವಿಯ ನೆಹರು ನಗರದಲ್ಲಿ ಒಂದು ಯಂತ್ರ ರಿಪೇರಿ ಕಂಪನಿಯ ತಕರಾರು ಟೇಬಲ್ಲಿನಲ್ಲಿ ಕೂರುತ್ತಿದ್ದ. ಖಾನಾಪುರದ ಹೆಂಚಿನ ಕಾರ್ಖಾನೆಗಳಲ್ಲಿ ಯಂತ್ರ ಕೆಟ್ಟರೆ ಅಲ್ಲಿಯವರು ಕಂಪ್ಯೂಟರಿನಲ್ಲಿ ದೂರು ಬರೆಯಬೇಕೆಂಬುದು ನಿಯಮ. ಬರೆಯುತ್ತಲೂ ಇದ್ದರು. ಆದರೆ ಮೊದಲು ಕುನಾಲನಿಗೆ ಫೋನ್ ಮಾಡಿ ಅರ್ಧ ತಾಸು ಎಲ್ಲ ಹೇಳಿ, ಆಮೇಲೆ ಬರೆಯುತ್ತಿದ್ದರು. ಸ್ನಾನಕ್ಕೆ ಹೋದರೆ ಫೋನು, ಊಟಕ್ಕೆ ಕೂತರೆ ಫೋನು. ಹೆಣ್ಣು ನೋಡಲು ಹೋದಾಗಲೂ ಅವನು ಮಾತಾಡಿದ್ದೆಲ್ಲ ಹೆಂಚು ಸುಡುವ ಭಟ್ಟಿಗೆ ಗಾಳಿ ಊದುವ ಪಂಖಾದ ವಿಷಯ. ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಒಂದು ದಿನ ಬೆಳಿಗ್ಗೆ ಮಾಲಕಿ ಸುಹಾಸಿನಿ ಮೇಡಂ ಅವನನ್ನು ಕರೆದರು.

"ಕುನಾಲ, ಎಐ ಏಜೆಂಟ್ ತಗೊಂಡೇವಿ. ಗಿರಾಕಿ ಏನರ ಕೇಳಿದ್ರ ಅದs ಹಳೇ ತಕರಾರು ಹುಡುಕಿ ಉತ್ತರ ಕೊಡತೈತಿ. ಬೇಕಾದ್ರ ಫೋನೂ ಮಾಡತೈತಿ. ಆದ್ರ ಹೆಂಗ ಹುಡುಕಬೇಕಂತ ಅದಕ್ಕ ಯಾರರ ಬರದು ಕೊಡಬೇಕಲ್ಲಾ? ನೀ ಬರಿ. ಸಂಜಿಕ ಖಾನಾಪುರದಾಗ ಗಜಾನನರಾವ್ ಅವರಿಗೆ ತೋರಸೂಣು. ಅವರು ಹೂಂ ಅಂದ್ರ ನಾಳಿಂದ ನೀ ಮ್ಯಾಲಿನ ಡ್ರಾಯಿಂಗ್ ವಿಭಾಗಕ್ಕ."

ಡ್ರಾಯಿಂಗ್ ವಿಭಾಗ! ಅಲ್ಲಿ ಫೋನೇ ಇಲ್ಲ. ಕುನಾಲನ ಕಣ್ಣು ತುಂಬಿ ಬಂತು.

ಅವನು ಶ್ರದ್ಧೆಯಿಂದ ಬರೆದ: 'ದೂರುಗಳನ್ನು ಹುಡುಕಲು ಯಂತ್ರದ ಹೆಸರು ಕೊಡಬೇಕು.' ಪರೀಕ್ಷೆಗೆಂದು ಏಜೆಂಟನ್ನು ಕೇಳಿದ, ಭಟ್ಟಿಯ ಪಂಖಾ ಯಾಕೆ ಕೆಡುತ್ತದೆ?

"ಪಂಖಾ ಹೋದ ಸಲ ಕೆಟ್ಟ ಹಾಗೆಯೇ ಈ ಸಲವೂ ಕೆಟ್ಟಿದೆ," ಎಂದಿತು ಏಜೆಂಟು. "ಹೋದ ಸಲ, ಅದರ ಹಿಂದಿನ ಸಲ ಕೆಟ್ಟ ಹಾಗೆ ಕೆಟ್ಟಿತ್ತು. ಅದಕ್ಕೂ ಹಿಂದೆ, 'ಫೋನಿನ್ಯಾಗ ಹೇಳೇವಿ' ಎಂದು ದಾಖಲಾಗಿದೆ. ಪರಿಹಾರ: 'ಕುನಾಲ ಸರ್ ಅಂದಂಗ ಮಾಡಿದ್ವಿ.' ಇನ್ನೇನಾದರೂ ಸಹಾಯ ಬೇಕೇ?"

ಕುನಾಲ ಬೆವರಿದ. ದೂರುಗಳನ್ನು ಒಂದೊಂದಾಗಿ ತೆರೆದು ನೋಡಿದ. 'ಹೋದ ಸಲದಂಗ ಆಗೇತಿ.' 'ಮತ್ತ ಹಂಗ ಆಗೇತಿ.' 'ನಿಮಗ ಗೊತ್ತೈತಲ್ಲ.' ಬಾಗಿಲು ಎಳೆದ ಮಿಠಾಯಿ ಅಂಗಡಿಯ ಮುಂದೆ ಕುಂದಾ ಕೇಳಲು ನಿಂತವನಂತಾಯಿತು ಅವನ ಸ್ಥಿತಿ.

ಲೆಕ್ಕದ ವಿಭಾಗದ ಸಂಗವ್ವ ಇಣುಕಿ ನೋಡಿದಳು. "ಅದಕ್ಕ ತಿಳಿಯೂ ಹಂಗ ಬರಿಯಪಾ. ನಾ ಮಗಗ ಅಂಗಡಿಗೆ ಕಳಸೂ ಮುಂದ ಹೇಳತೀನಿ, ಸಕ್ರಿ ಸಿಗಲಿಲ್ಲಂದ್ರ ಬೆಲ್ಲಾ ತಾ, ಅದೂ ಸಿಗಲಿಲ್ಲಂದ್ರ ಸುಮ್ಮ ಮನಿಗೆ ಬಾ ಅಂತ. ಹಂಗ."

ಪಕ್ಕದ ಟೇಬಲ್ಲಿನ ಆಕಾಶ ಕೂಡಲೇ ಏಜೆಂಟಿನ ದನಿ ತೆಗೆದು, "ಬೆಲ್ಲ ಹೋದ ಸಲದಂತೆ ಇದೆ. ಇನ್ನೇನಾದರೂ ಸಹಾಯ ಬೇಕೇ?" ಎಂದ. ಅವನು ಯಾರ ದನಿಯನ್ನೂ ಬಿಟ್ಟವನಲ್ಲ. ಫೋನಿನಲ್ಲಿ ಮೇಡಂ ದನಿ ತೆಗೆದು ಕುನಾಲನಿಗೆ ರಜೆ ಕೊಟ್ಟು, ಮರುದಿನ ಖರೇ ಮೇಡಂ ಕೈಲಿ ಬೈಸಿದ್ದೂ ಉಂಟು.

ಕುನಾಲ ಸಂಗವ್ವನ ಮಾತಿನಂತೆ ಬರೆದ: 'ಮೊದಲು ಯಂತ್ರದ ಹೆಸರಿನಿಂದ ಹುಡುಕು. ಸಿಗದಿದ್ದರೆ ಬಿಡಿಭಾಗದ ಹೆಸರಿನಿಂದ ಹುಡುಕು, ಮರಾಠಿಯಲ್ಲೂ ಹುಡುಕು. ಅದೂ ಸಿಗದಿದ್ದರೆ...' ಇಲ್ಲಿ ಕೀಲಿಮಣೆಯ ಮೇಲೆ ಬೆರಳು ನಿಂತಿತು. ಮುಖಕ್ಕೆ ನೀರು ಹೊಡೆದುಕೊಳ್ಳಲು ಎದ್ದು ಹೋದ. ಆ ಹೊತ್ತಿನಲ್ಲಿ ಆಕಾಶ ಬಗ್ಗಿ ವಾಕ್ಯ ಪೂರೈಸಿಬಿಟ್ಟ: 'ಕುನಾಲನಿಗೆ ಫೋನ್ ಮಾಡು. ಅವನಿಗೆ ಎಲ್ಲ ಗೊತ್ತು.' ಕುನಾಲ ಬಂದು ಓದಿ ಚೀರುತ್ತಾನೆ, ತಾನು ನಗಬಹುದು ಎಂಬುದಷ್ಟೇ ಅವನ ಆಸೆ. ಆದರೆ ಕೆಳಗೆ ಮೇಡಂ ಕಾರಿನ ಹಾರ್ನ್ ಒಂದೇ ಸಮ ಹೊಡೆಯತೊಡಗಿದರು. ಕುನಾಲ ಓದದೆಯೇ ಅದನ್ನು ಏಜೆಂಟಿಗೆ ಒಪ್ಪಿಸಿ ಓಡಿದ.

ಖಾನಾಪುರದ ಕಾರ್ಖಾನೆಯಲ್ಲಿ ಗಜಾನನರಾವ್ ಚಹಾ ತರಿಸಿ, ಕಂಪ್ಯೂಟರಿನ ಮುಂದೆ ಕೂತು ಕೇಳಿದರು: "ಹಾಂ, ಹೇಳಪಾ. ನಮ್ಮ ಭಟ್ಟಿ ಪಂಖಾ ಯಾಕ ಬಿಸಿ ಆಗತೈತಿ?"

"ಹುಡುಕುತ್ತಿದ್ದೇನೆ," ಎಂದಿತು ಏಜೆಂಟು. ಕುನಾಲನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಹೆಂಚಿನ ರಾಶಿಗಳ ನಡುವೆ ಓಡಿ ಹೋಗಿ ಕಿವಿಗಿಟ್ಟ.

"ನಮಸ್ಕಾರ. ಭಟ್ಟಿಯ ಪಂಖಾ ಬಿಸಿಯಾಗುತ್ತಿದೆ. ಕಾರಣವೇನು?"

"ಆಕ್ಯಾ, ದನಿ ಏನೋ ಬರೋಬರ ತಗದಿ. ಆದ್ರ ಈಗ ಚಾಷ್ಟಿ ಬ್ಯಾಡೋ, ನನ್ನ ಜೀವ ಹೊಂಟೈತಿ!" ಎಂದ ಕುನಾಲ, ಇದು ಆಕಾಶನ ತಮಾಷೆಯೆಂದು ತಿಳಿದು.

"ಅರ್ಥವಾಗಲಿಲ್ಲ. ಕಾರಣವೇನು?"

"ಮಣ್ಣಿನ ಧೂಳಿಗೆ ಜಾಳಿಗಿ ಕಟ್ಟಿರತೈತಿ, ಝಾಡಿಸಬೇಕು! ಎಷ್ಟ ಸಲ ಬಾಯಿ ಹರಕೊಂಡ್ರೂ ಹುಂಬಗೋಳಿಗೆ ತಿಳಿಯೂದಿಲ್ಲ. ಇಡು ಫೋನ!"

ಒಳಗೆ ಬಂದರೆ ಗಜಾನನರಾವ್ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಪರದೆಯ ಮೇಲೆ ಉತ್ತರ ಮೂಡಿತ್ತು: 'ಮಣ್ಣಿನ ಧೂಳಿನಿಂದ ಜಾಳಿಗೆ ಕಟ್ಟಿದೆ, ಝಾಡಿಸಬೇಕು. ಎಷ್ಟು ಸಲ ಬಾಯಿ ಹರಿದುಕೊಂಡರೂ ಹುಂಬರಿಗೆ ತಿಳಿಯುವುದಿಲ್ಲ.'

"ಅರೇ ವಾ! ಏಕದಂ ನಮ್ಮ ಕುನಾಲನಂಗ ಬೈತೈತಿ ನೋಡ್ರಿ, ಮೇಡಂ! ಇದs ಬೇಕ ನಮಗ. ಬಾಜು ಕಾರ್ಖಾನಿಯವ್ರಿಗೂ ಹೇಳತೀನಿ."

ಕುನಾಲನಿಗೆ ಒಂದು ಕ್ಷಣ ಏನೋ ಅನುಮಾನ ಚುಚ್ಚಿತು. ಆದರೆ ಸಂತೋಷ ಯೋಚಿಸಲು ಬಿಡಲಿಲ್ಲ. ನೆಹರು ನಗರಕ್ಕೆ ಮರಳಿದವನೇ ತನ್ನ ಚಹಾ ಕಪ್ಪು, ಸ್ಕೇಲು ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದ. ಫೋನು ಮತ್ತೆ ಬಡಿದುಕೊಂಡಿತು.

"ನಮಸ್ಕಾರ. ಮಣ್ಣು ಕಲಸುವ ಯಂತ್ರ ನಿಂತಿದೆ. ಕಾರಣವೇನು?"

"ಆಕ್ಯಾ, ಸಾಕ ಮಾಡಲೇ..." ಎನ್ನುತ್ತ ತಲೆ ಎತ್ತಿದ. ಮೇಲಿನ ಮೆಟ್ಟಿಲ ಮೇಲೆ ಆಕಾಶ ಬಾಯಿ ತುಂಬ ಮಂಡಕ್ಕಿ ತುಂಬಿಕೊಂಡು ನಿಂತಿದ್ದ. ಫೋನು ಮಾತಾಡುತ್ತಲೇ ಇತ್ತು. "ಕಾರಣವೇನು?"

ಆಕಾಶ ಮಂಡಕ್ಕಿ ನುಂಗಿ, ಆ ವಾಕ್ಯ ಪೂರೈಸಿದ್ದು ತಾನೇ ಎಂದು ಒಪ್ಪಿಕೊಂಡ.

"ಆ ಸಾಲು ಈಗಿಂದೀಗ ಅಳಸತೀನಿ!" ಕುನಾಲ ಕೆಳಗೆ ಧಾವಿಸಿದ. ಮೆಟ್ಟಿಲ ಮೇಲಿನ ಮಾತೆಲ್ಲ ಕೇಳಿಸಿಕೊಂಡಿದ್ದ ಸುಹಾಸಿನಿ ಮೇಡಂ ಕಂಪ್ಯೂಟರಿಗೆ ಅಡ್ಡ ನಿಂತರು.

"ಅದನ್ನ ಮುಟ್ಟಿದಿ ಅಂದ್ರ ನೋಡು! ಎಲ್ಲಾ ಕಾರ್ಖಾನಿಯವ್ರು ಬರಾಕತ್ಯಾರ. ಬಾಕಿ ಯಾವ ಸಾಲೂ ಉಪಯೋಗಿಲ್ಲ, ಅದೊಂದs ಕೆಲಸಾ ಮಾಡತೈತಿ. ಬರದಾಂವ ಯಾರು? ಆಕಾಶ? ನಾಳಿಂದ ನೀ ಡ್ರಾಯಿಂಗ್ ವಿಭಾಗಕ್ಕ ಹೋಗಪಾ. ಕುನಾಲ, ನೀ ಇಲ್ಲೇ ಕುಂದರು. ನಿನ್ನ ಹೆಂಗ ಉಪಯೋಗ ಮಾಡಬೇಕಂತ ಏಜೆಂಟಿಗೆ ಒಂದಿಷ್ಟು ವಿವರಾ ಬರದು ಕೊಡು."

ಆಕಾಶನ ತುಟಿ ಬಿರಿಯಿತು. ಸಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕುನಾಲ ಕಪ್ಪು ಕೆಳಗಿಟ್ಟು, ಕುರ್ಚಿ ಎಳೆದು ಕೂತು, ಕೀಲಿಮಣೆಯ ಮೇಲೆ ಕೈಯಿಟ್ಟ.

"ಮೇಡಂ, ಊಟದ ಹೊತ್ತಿನ್ಯಾಗ ಈ ಯಂತ್ರ ನಡಿಯೂದಿಲ್ಲಂತ ಬರೀಲೇನ್ರಿ?"

"ಬ್ಯಾಡ. ಗಿರಾಕಿ ಹೆದರತಾರ."

ಮೊದಲು ಆಕಾಶ ನಕ್ಕ, ಆಮೇಲೆ ಸಂಗವ್ವ ನಕ್ಕಳು, ಮೇಡಂ ಕೂಡ ನಕ್ಕರು. ಆದರೆ ಎಲ್ಲರಿಗಿಂತ ಜೋರಾಗಿ, ಮೇಜು ಗುದ್ದಿ ಗುದ್ದಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕವನು ಕುನಾಲ. ಆ ನೀರು ಎಲ್ಲಿಯವರೆಗೆ ನಗೆಯದು, ಎಲ್ಲಿಂದ ಆಚೆ ಅಳುವಿನದು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.