ಅಣ್ಣನ ಗಡಿ ಮತ್ತು ಅಕಾರಾದಿ ಪಟ್ಟಿ

ತಲೆಗೆ ಮುಂಡಾಸು ಸುತ್ತಿಕೊಂಡು ಉತ್ತರಪತ್ರಿಕೆ ತಿದ್ದುವ ಅರಸನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ತಂಗಿಯೇ ನಾನು!

ಅಂದು ಪತ್ರೊಡೆಗೆಂದು ಕೆಸುವಿನೆಲೆಯ ನಾರು ತೆಗೆಯುತ್ತಿದ್ದೆ. ಕಡಬದ ಹತ್ತಿರ ಊರ ಯಜಮಾನಿಕೆ ನಡೆಸುವ ನಮ್ಮ ಗುತ್ತಿನ ಮನೆಯಿಂದ ಫೋನ್ ಬಂತು. ದೊಡ್ಡಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಗಡಿ, ಎಂದರೆ ಮನೆತನದ ಪಟ್ಟ, ಪುತ್ತೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಅಣ್ಣನಿಗೆ ಎಂದು ತೀರ್ಮಾನವಾಯಿತಂತೆ. ಕೈ ತುರಿಸುತ್ತಿದ್ದಂತೆಯೇ ಅವನಿಗೆ ತಿಳಿಸಿದೆ.

"ಮಾವನಿಗೆ ಗಂಡುಮಕ್ಕಳು ಇಬ್ಬರು ಇದ್ದಾರಲ್ಲ?"

"ನಮ್ಮಲ್ಲಿ ಪಟ್ಟ ಹೋಗುದು ಸೋದರಳಿಯನಿಗೆ ಅಲ್ವಾ ಅಣ್ಣ? ನಿಂಗೆ ಗೊತ್ತಿಲ್ವಾ?"

"ಗೊತ್ತುಂಟು. ಆದ್ರೆ ಇಂಟರ್ವ್ಯೂ ಇಲ್ಲದೆ ಸಿಗುವ ಕೆಲಸವನ್ನು ನಾನು ನಂಬುದಿಲ್ಲ ಮಾರಾಯ್ತಿ!"

ನಂಬದಿದ್ದರೂ ಹಿಡಿದ. ಗಡಿ ಹಿಡಿದವರು ಹೋಟೆಲಿನಲ್ಲಿ ತಿನ್ನುವಂತಿಲ್ಲ. ಇವನೋ, ಕಾಲೇಜು ಕ್ಯಾಂಟೀನಿನ ಗೋಳಿಬಜೆಯ ಮೇಲೆಯೇ ಇಷ್ಟು ವರ್ಷ ಬದುಕಿದವನು! ಈಗ ಅತ್ತಿಗೆ ಕಟ್ಟಿಕೊಟ್ಟ ಬುತ್ತಿ ಹಿಡಿದುಕೊಂಡು ಕ್ಯಾಂಟೀನಿನ ಬಾಗಿಲಲ್ಲಿ ನಿಲ್ಲುತ್ತಾನಂತೆ. ಕೇಳಿದರೆ, "ತಿನ್ನಬಾರದು ಅಂತ ಉಂಟು. ಮೂಸಬಾರದು ಅಂತ ಎಲ್ಲಿಯೂ ಇಲ್ಲ" ಎನ್ನುತ್ತಾನೆ. ಗುತ್ತಿನ ಅಂಗಳದಲ್ಲಿ ಜನ ಎದ್ದು ನಿಂತರೆ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕರಿಹಲಗೆ ಹುಡುಕುವವನ ಹಾಗೆ ಗೋಡೆಯ ಕಡೆ ತಿರುಗುತ್ತಾನೆ!

ಇಷ್ಟಕ್ಕೆ ನಿಂತಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಅಣ್ಣ ಗಡಿ ಹಿಡಿದ ಮೇಲಿನ ಮೊದಲ ನೇಮ, ಮನೆತನದ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ಉತ್ಸವ, ಬಂತು. ನೇಮದ ಕೊನೆಗೆ ಗಡಿಯವರು ದೈವದ ಎದುರು ಒಂದೊಂದೇ ಮನೆಯ ಹೆಸರು ಕರೆದು ಬೂಳ್ಯ ಕೊಡಬೇಕು. ಬೂಳ್ಯವೆಂದರೆ ಬರೀ ವೀಳ್ಯದೆಲೆ, ಅಡಿಕೆ. ಆದರೆ ಯಾವ ಮನೆಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬುದರಲ್ಲಿ ತಲೆಮಾರುಗಳ ಮರ್ಯಾದೆ ಉಂಟು. ಹಿರಿಮನೆಗೆ ಮೊದಲು. ಅಡ್ಕದ ಮನೆಗೆ ಕೊನೆಗೆ. ಯಾವ ಕಾಲದ ಜಗಳಕ್ಕೆ ಅವರನ್ನು ಕೊನೆಗೆ ಹಾಕಿದರೋ, ಹೇಳುವವರು ಈಗ ಯಾರೂ ಇಲ್ಲ.

ಅಣ್ಣ ಜೇಬಿನಿಂದ ಕಾಗದ ತೆಗೆದ. ಹಾಜರಿ ಪಟ್ಟಿ ಮಾಡಿ ಮಾಡಿ ಅಭ್ಯಾಸವಾದವನು, ಮನೆಗಳನ್ನೂ ಅಕಾರಾದಿಯಾಗಿ ಬರೆದು ತಂದಿದ್ದ! 'ಅ' ಮೊದಲು, 'ಹ' ಕೊನೆಗೆ.

"ಅಡ್ಕದ ಮನೆ!"

ಚೆಂಡೆ, ವಾದ್ಯ ಎಲ್ಲ ನಿಂತವು. ಗಂಡಸರಿಲ್ಲದ ಆ ಮನೆಯಿಂದ ಬರುವವರು ಮುದುಕಿ ಕಮಲಕ್ಕ. ಕರೆದರಲ್ಲ ಎಂದು ಬಂದರು, ಗಾಬರಿಯಲ್ಲೇ ಕೈಯೊಡ್ಡಿ ಬೂಳ್ಯ ತೆಗೆದುಕೊಂಡರು. ಆಗ ಹಿರಿಮನೆಯ ಯಜಮಾನರು ಎದ್ದು ಶಾಲು ಕೊಡವಿದರು.

"ಇದು ಕ್ಲಾಸಾ? ನಾನು ಹೋಗುದು!"

ಅವರು ಬೂಳ್ಯ ತೆಗೆದುಕೊಳ್ಳದೆ ಹೋದರೆ ನೇಮ ಪೂರ್ತಿಯಾಗುವುದಿಲ್ಲ. ಮೊದಲ ನೇಮವನ್ನೇ ಪೂರ್ತಿ ಮಾಡಲಾಗದ ಗಡಿಯವನನ್ನು ಊರು ಇಟ್ಟುಕೊಳ್ಳುವುದೂ ಇಲ್ಲ. ನಾನು ಕಾಣದ ದೈವಗಳಿಗೂ ಹರಕೆ ಹೇಳಿಕೊಂಡೆ.

ಕಮಲಕ್ಕ ಎಲೆಯನ್ನು ಮರಳಿ ಅಣ್ಣನತ್ತ ಚಾಚಿದರು. "ನಂಗೆ ಬೇಡ ಮಗಾ, ಅವರಿಗೆ ಕೊಡು."

ಅಣ್ಣ ಮುಂಡಾಸು ತೆಗೆದು ದೈವದ ಮುಂದೆ ತಪ್ಪುಕಾಣಿಕೆ ಇಟ್ಟ. "ಕ್ರಮ ತಪ್ಪಿದ್ದು ನಾನು. ಆದ್ರೆ ಕರೆದು ಕೊಟ್ಟದ್ದನ್ನು ವಾಪಸು ತೆಗೊಳ್ಳಿಕ್ಕೆ ನಂಗೆ ಆಗುದಿಲ್ಲ" ಎಂದ. ಯಜಮಾನರು ಅಂಗಳದ ಮೆಟ್ಟಿಲವರೆಗೆ ಹೋದರು.

ಆಗ ಕಮಲಕ್ಕ ಎಲೆಯನ್ನು ಎದೆಗೊತ್ತಿಕೊಂಡು ನಿಧಾನ ನಡೆದು ಅವರ ಪಕ್ಕದಲ್ಲಿ ನಿಂತರು.

"ಕೊನೆಗೆ ನಿಲ್ಲುದು ನಿಮಗೆ ಹೊಸತು ಬಾವ. ನಂಗೆ ಐವತ್ತು ವರ್ಷದ ಅಭ್ಯಾಸ ಉಂಟು. ಬನ್ನಿ, ನಾನು ಜೊತೆಗೆ ನಿಲ್ತೇನೆ. ಕಾಲು ನೋಯುದಿಲ್ಲ."

ಯಜಮಾನರು ಅವರ ಮುಖ ನೋಡಿದರು. ಹೆಗಲ ಶಾಲು ಸರಿಮಾಡಿಕೊಂಡು ಅಲ್ಲಿಯೇ ನಿಂತರು. ಅಣ್ಣ ಪಟ್ಟಿಯಂತೆ ಒಂದೊಂದೇ ಮನೆ ಕರೆಯುತ್ತ ಹೋದ. ಎಲ್ಲರಿಗಿಂತ ಕೊನೆಗೆ "ಹಿರಿಮನೆ" ಎಂದು ಕರೆದು ಕಾಗದ ಮಡಚಿ ಜೇಬಿಗಿಟ್ಟ. ಯಜಮಾನರು ಬಂದರು, ಎರಡೂ ಕೈ ಒಡ್ಡಿದರು.

ದೇವರು ದೊಡ್ಡವನು. ಒಳಗೆ ಕುಚ್ಚಲಕ್ಕಿ ಬೆಂದಿತ್ತು. ನಾನು ಕಣ್ಣೊರೆಸಿಕೊಂಡು ಗಂಜಿ ಬಸಿಯಲು ಹೋದೆ.