ಕೈದಿಯ ಮಾವಿನ ತೋಪಿನೆದುರು ಕುಳಿತು ನೋಡುವುದನ್ನು ನಿಷೇಧಿಸುವ ಬಗ್ಗೆ

ಸನ್ನಡತೆ ಮತ್ತು ತಾತ್ಕಾಲಿಕ ಬಿಡುಗಡೆ ಇಲಾಖೆ
ಸಂಖ್ಯೆ: ಸ.ತಾ.ಬಿ/ಕೂರು/ಮಾವು/2003-04
ದಿನಾಂಕ: 02-06-2003

ಸುತ್ತೋಲೆ

ವಿಷಯ: ಶ್ರೀನಿವಾಸಪುರ ತಾಲ್ಲೂಕು, ಯಲ್ದೂರು ಹೋಬಳಿ, ಚಿಂತಮಾಕುಲಪಲ್ಲಿ ಗ್ರಾಮದಲ್ಲಿ ಪೆರೋಲ್ ಮೇಲೆ ಬಂದಿರುವ ಕೈದಿಯವರನ್ನು ಸಾರ್ವಜನಿಕರು ಕುಳಿತುಕೊಂಡು ನೋಡುತ್ತಿರುವ ಬಗ್ಗೆ.

ಉಲ್ಲೇಖ: 1) ಕೈದಿಯವರ ದೂರು ಅರ್ಜಿ.
2) ಗ್ರಾಮಸ್ಥರ ಮೌಖಿಕ ಗಲಾಟೆ.
3) ಈ ಕಚೇರಿಯ ಹಿಂದಿನ ಸುತ್ತೋಲೆ (ಸಿಕ್ಕಿರುವುದಿಲ್ಲ).

ಪ್ರಸ್ತಾವನೆ:

ತೋಪಿನ ಬೇಲಿಯ ತಕರಾರಿನಲ್ಲಿ ವೆಂಕಟರಮಣಪ್ಪ ಹಾಗೂ ಅವರ ಮಕ್ಕಳಾದ ಮುರಳೀಕೃಷ್ಣ ಮತ್ತು ಕದಿರೇಶ ಎಂಬುವರನ್ನು 1988ರಲ್ಲಿ ಕೊಲೆ ಮಾಡಿದ್ದಕ್ಕಾಗಿ ಪಕ್ಕದ ತೋಪಿನ ಕೋದಂಡರಾಮಪ್ಪ ಎಂಬುವರಿಗೆ ಮೂರು ಜೀವಾವಧಿ ಶಿಕ್ಷೆ ವಿಧಿಸಲಾಗಿದ್ದು, ಮೂರನ್ನೂ ಏಕಕಾಲಕ್ಕೆ ಅನುಭವಿಸಲು ಆದೇಶವಾಗಿರುತ್ತದೆ. ಸದರಿಯವರು ಪ್ರತಿ ವರ್ಷ ಮಾವಿನ ಕೊಯ್ಲಿಗೆ ಪೆರೋಲ್ ಮೇಲೆ ಊರಿಗೆ ಬರುತ್ತಿರುತ್ತಾರೆ. ಬಂದಾಗಲೆಲ್ಲ ವೆಂಕಟರಮಣಪ್ಪನವರ ಪತ್ನಿ ಆವಲಮ್ಮ ಎಂಬುವರು ರಸ್ತೆಯ ಆಚೆಯ ಹುಣಸೆ ಮರದ ಕೆಳಗೆ ಕುಳಿತು ಅವರನ್ನೇ ನೋಡುತ್ತಿರುತ್ತಾರೆ. ಈ ಸಾಲಿನಲ್ಲಿ ಸದರಿಯವರನ್ನು ಅವಧಿಪೂರ್ವವಾಗಿ ಪೂರ್ತಿ ಬಿಡುಗಡೆ ಮಾಡುವ ಪ್ರಸ್ತಾವನೆಯೂ ಇರುವುದರಿಂದ, ಎಲ್ಲರ ತಿಳುವಳಿಕೆಗಾಗಿ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. "ಮೂರು ಜೀವ ತೆಗೆದವ್ನಿಗೆ ಒಂದೇ ಜೈಲಾ? ಇನ್ನೆರಡು ಪುಕ್ಕಟೆನಾ?" ಎಂದು ಆಂಜಿನಮ್ಮ ಎಂಬುವರು ಹಾಲಿನ ಡೇರಿಯ ಸಾಲಿನಲ್ಲಿ ನಿಂತು ಕೇಳಿದ್ದು, ಸಾಲಿನವರೆಲ್ಲ ಅದಕ್ಕೆ ದನಿಗೂಡಿಸಿರುವುದು ಗಮನಕ್ಕೆ ಬಂದಿದೆ. ಕೈದಿಯವರ ಬಳಿ ಇರುವುದು ಒಂದೇ ಜೀವ. ಒಂದು ಜೀವದಿಂದ ಮೂರು ಜೀವಾವಧಿ ವಸೂಲಿ ಮಾಡಲು ಅವಕಾಶವಿರುವುದಿಲ್ಲ. ಉಳಿದೆರಡು ಜೀವಗಳನ್ನು ಸಾರ್ವಜನಿಕರೇ ಒದಗಿಸಿದಲ್ಲಿ ಪರಿಶೀಲಿಸಲಾಗುವುದು.

2. ಸದರಿಯವರ ಸನ್ನಡತೆ ದೃಢಪಟ್ಟಿದೆ. ಕಾರಾಗೃಹದ ಒಳಗೆ ಅವರು ಯಾರನ್ನೂ ಕೊಂದಿರುವುದಿಲ್ಲ. ಆಂಜಿನಮ್ಮನವರೇ ಪುನಃ "ನಾನೂ ಹುಟ್ಟಿದಾಗ್ಲಿಂದ ಯಾರ್ನೂ ಕೊಂದಿಲ್ಲ ಕಣಪ್ಪಾ, ನನಗೇನು ಕೊಡ್ತೀರಿ?" ಎಂದು ಕೇಳಿರುತ್ತಾರೆ. ಹೊರಗಿದ್ದುಕೊಂಡು ಕೊಲ್ಲದಿರುವುದಕ್ಕೆ ಯಾವುದೇ ರಿಯಾಯಿತಿ ಇರುವುದಿಲ್ಲ. ರಿಯಾಯಿತಿ ಬೇಕಾದವರು ಮೊದಲು ಒಳಗೆ ಬರತಕ್ಕದ್ದು.

3. ಗ್ರಾಮಸ್ಥರ ಅಭಿಪ್ರಾಯ ಕೇಳಿಲ್ಲವೆಂಬ ಆರೋಪ ಸತ್ಯಕ್ಕೆ ದೂರ. ಪೆರೋಲಿಗೆ ಮುನ್ನ ಊರಿನವರ ವಿಚಾರಣೆ ನಡೆಸುವುದು ಪದ್ಧತಿ. ಹೋದ ವರ್ಷ ಕೆಲಸದ ಒತ್ತಡದಿಂದ ಸದರಿಯವರು ಬಂದ ಮೇಲೆ, ಅವರ ತೋಪಿನಲ್ಲಿಯೇ, ನೆರಳು ಚೆನ್ನಾಗಿದೆಯೆಂಬ ಕಾರಣಕ್ಕೆ ವಿಚಾರಣೆ ನಡೆಸಲಾಯಿತು. ಸದರಿಯವರು ಮುಂದಿನ ಸಾಲಿನ ಕುರ್ಚಿಯಲ್ಲಿ ಆಸೀನರಾಗಿದ್ದರು. ಅವರ ಮನೆಯವರು ಎಲ್ಲರಿಗೂ ನೀರುಮಜ್ಜಿಗೆ ಹಂಚಿದರು. ಆಕ್ಷೇಪಣೆ ಇದ್ದವರು ಕೈ ಎತ್ತುವಂತೆ ಕೋರಲಾಗಿ, ಇನ್ನೊಂದು ಲೋಟ ಮಜ್ಜಿಗೆ ಕೇಳಿದವರ ಹೊರತು ಯಾರೂ ಕೈ ಎತ್ತಲಿಲ್ಲವಾದ್ದರಿಂದ ಸರ್ವಾನುಮತ ಎಂದು ದಾಖಲಿಸಲಾಗಿದೆ. ಆವಲಮ್ಮನವರು ಪ್ರಕರಣದಲ್ಲಿ ಆಸಕ್ತಿ ಉಳ್ಳವರಾದ್ದರಿಂದ ಅವರನ್ನು ಕರೆದಿರುವುದಿಲ್ಲ.

4. ಕುಳಿತು ನೋಡುವುದನ್ನು ಈ ಕೂಡಲೇ ನಿಷೇಧಿಸಲಾಗಿದೆ. ನಡೆಯುತ್ತಾ ನೋಡಬಹುದು. ಮಾವಿನ ಮರವನ್ನು ನೋಡಲು ಅಡ್ಡಿಯಿಲ್ಲ. ಸದರಿಯವರು ಮರದ ಹಿಂದೆ ನಿಂತಿದ್ದರೆ ಮರವನ್ನೂ ನೋಡುವಂತಿಲ್ಲ. ಬಸ್ಸಿಗೆ ಕಾಯುತ್ತಿದ್ದೇನೆಂಬ ಆವಲಮ್ಮನವರ ಸಮಜಾಯಿಷಿಯನ್ನು ಪರಿಶೀಲಿಸಲಾಗಿ, ಆ ರಸ್ತೆಗೆ ಬಸ್ಸೇ ಇರುವುದಿಲ್ಲ.

5. ಹೋದ ವರ್ಷ ನೋಟ ತಾಳಲಾರದೆ ಸದರಿಯವರು ಪೆರೋಲ್ ಮುಗಿಯುವ ಮೊದಲೇ ಜೈಲಿಗೆ ಮರಳಿರುತ್ತಾರೆ. ಒಳಗೆ ಬರುತ್ತೇನೆಂದು ಕೇಳಿಕೊಳ್ಳುವವರ ಬಗ್ಗೆ ನಿಯಮ ಇಲ್ಲವಾದ್ದರಿಂದ ಅವರನ್ನು ಗೇಟಿನಿಂದಲೇ ವಾಪಸ್ ಕಳುಹಿಸಲಾಯಿತು. ಯಲ್ದೂರಿಗೆ ಬಂದಿಳಿದಾಗ ಬಸ್ಸಿನಲ್ಲಿದ್ದವರು ನಕ್ಕಿದ್ದು ಖಂಡನೀಯ. ತೋಪು ತಲುಪಿದಾಗ ಆವಲಮ್ಮನವರು ಅಲ್ಲಿಯೇ ಕುಳಿತಿದ್ದುದು ಇನ್ನೂ ಖಂಡನೀಯ.

6. ಆವಲಮ್ಮನವರ ಹೇಳಿಕೆಯನ್ನು ಪಡೆಯಲಾಗಿದ್ದು, ಅವರ ಮಾತಿನಲ್ಲೇ ಹೀಗಿರುತ್ತದೆ: "ನಾನೇನು ಕಲ್ಲು ಹೊಡೀತೀನಾ ಸಾಮಿ? ಬೈತೀನಾ? ಸುಮ್ನೆ ಕೂತ್ಕೋತೀನಿ. ನಮ್ಮೋರು ಮೂರು ಜನಾನೂ ಇದೇ ಮರದ ಕೆಳಗೆ ಕೂತು ಮುದ್ದೆ ತಿಂತಿದ್ರು. ಹೊಟ್ಟೆ ಉರೀತದೆ ನಂಗೆ. ಅವ್ನು ನನ್ನ ಮುಖ ನೋಡ್ಲಿ, ಅಷ್ಟೇ. ಅವ್ನಿಗೆ ಕಾಯಿ ಕೀಳಕ್ಕೆ ರಜ ಕೊಡ್ತೀರಲ್ಲ, ನಮ್ಮೋರ್ನೂ ಒಂದು ವಾರ ಕಳ್ಸಿ. ಕಾಯಿ ಇಳಿಸ್ಬಿಟ್ಟು ವಾಪಸ್ ಹೋಗ್ತಾರೆ."

ಸದರಿ ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಮೃತರು ಖುದ್ದಾಗಿ ಅರ್ಜಿ ಸಲ್ಲಿಸಿರುವುದಿಲ್ಲ. ವಾಪಸ್ ಹೋಗುತ್ತಾರೆಂಬುದಕ್ಕೆ ಜಾಮೀನುದಾರರಿಲ್ಲ. ಹಾಲಿ ಇರುವ ಸ್ಥಳದಿಂದ ಸನ್ನಡತೆ ಪತ್ರವೂ ಬಂದಿಲ್ಲ. ಆದ್ದರಿಂದ ತಿರಸ್ಕರಿಸಲಾಗಿದೆ. ಆವಲಮ್ಮನವರ ತೋಪಿನಲ್ಲಿ ಕಾಯಿ ಇಳಿಸುವವರಿಲ್ಲದೆ ಹಣ್ಣು ಮರದಡಿಯೇ ಕೊಳೆಯುತ್ತಿರುವುದು ನಿಜವಾದರೂ ಅದು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

7. ಅವಧಿಪೂರ್ವ ಬಿಡುಗಡೆಗೆ ಊರಿನವರ ಅಭಿಪ್ರಾಯ ಕಡ್ಡಾಯವಾದ್ದರಿಂದ ಈ ದಿನ ಪುನಃ ತೋಪಿನಲ್ಲಿ ವಿಚಾರಣೆ ಏರ್ಪಡಿಸಲಾಗಿತ್ತು. ಕುರ್ಚಿಗಳಿದ್ದವು. ಮಜ್ಜಿಗೆ ಇತ್ತು. ಸದರಿಯವರೂ ಇದ್ದರು. ಊರಿನವರು ಮಾತ್ರ ಇರಲಿಲ್ಲ. ಅವರೆಲ್ಲರೂ ರಸ್ತೆಯ ಆಚೆ ಹುಣಸೆ ಮರದ ಕೆಳಗೆ ಆವಲಮ್ಮನವರ ಹಿಂದೆ ಕುಳಿತಿದ್ದರು. ಕಾರಣ ಕೇಳಲಾಗಿ ಆಂಜಿನಮ್ಮನವರು "ಹೋದ್ವರ್ಷ ಅವ್ನ ಮಜ್ಜಿಗೆ ಕುಡಿದ್ವಲ್ಲ, ಅದು ಇನ್ನೂ ಗಂಟ್ಲಲ್ಲೇ ಐತೆ" ಎಂದಿರುತ್ತಾರೆ. ಇದು ಅಭಿಪ್ರಾಯವೋ ಆರೋಗ್ಯದ ದೂರೋ ಎಂಬುದು ಸ್ಪಷ್ಟವಾಗದ ಕಾರಣ ದಾಖಲಿಸಿಕೊಂಡಿಲ್ಲ.

8. ತೋಪಿನೊಳಗೆ ಕೇಳಲು ಯಾರೂ ಇಲ್ಲದಿದ್ದುದರಿಂದ ವಿಚಾರಣಾಧಿಕಾರಿಯೂ ರಸ್ತೆ ದಾಟಬೇಕಾಯಿತು. ಬಿಸಿಲು ಹೆಚ್ಚಿದ್ದರಿಂದ ಅವರೂ ಕೂರಬೇಕಾಯಿತು. ಕುಳಿತ ಮೇಲೆ ಎದುರಿಗೆ ಸದರಿಯವರಲ್ಲದೆ ನೋಡಲು ಬೇರೇನೂ ಇರಲಿಲ್ಲ. ಕಲಂ 4ರ ಈ ಉಲ್ಲಂಘನೆಗಾಗಿ ಅಧಿಕಾರಿಯವರು ತಮ್ಮಿಂದಲೇ ತಾವು ವಿವರಣೆ ಕೇಳಿಕೊಂಡಿದ್ದು, ಉತ್ತರ ತೃಪ್ತಿಕರವಾಗಿರುತ್ತದೆ.

9. ನಿಗದಿತ ಸ್ಥಳದಲ್ಲಿ ಊರಿನವರ ಒಪ್ಪಿಗೆ ದೊರೆಯದ ಕಾರಣ ಬಿಡುಗಡೆಯ ಪ್ರಸ್ತಾವನೆಯನ್ನು ತಡೆಹಿಡಿಯಲಾಗಿದೆ. ಗ್ರಾಮಸ್ಥರು ಹುಣಸೆ ಮರದಡಿಯಿಂದ ಎದ್ದ ನಂತರ ಮುಂದಿನ ಕ್ರಮ ಜರುಗಿಸಲಾಗುವುದು.

ಸಹಿ/-
ವಿಚಾರಣಾಧಿಕಾರಿ (ಪ್ರಭಾರ)
ಕ್ಯಾಂಪ್: ಹುಣಸೆ ಮರ, ಚಿಂತಮಾಕುಲಪಲ್ಲಿ

ಪ್ರತಿಗಳು:
1. ಕೋದಂಡರಾಮಪ್ಪ, ಮಾವಿನ ಮರದ ಹಿಂದೆ. ಕರೆದರೂ ಈಚೆಗೆ ಬಾರದ ಕಾರಣ ತೋಪಿನ ಗೇಟಿಗೆ ಸಿಕ್ಕಿಸಲಾಗಿದೆ.
2. ಹಾಲಿನ ಡೇರಿಯ ಸೂಚನಾ ಫಲಕಕ್ಕೆ. ಆಂಜಿನಮ್ಮನವರ ಕೈಗೆಟುಕದ ಎತ್ತರದಲ್ಲಿ.
3. ಕಡತಕ್ಕೆ.
4. ಶ್ರೀಮತಿ ಆವಲಮ್ಮ. ಪಕ್ಕದಲ್ಲೇ ಇರುವುದರಿಂದ ಓದಿ ಹೇಳಲಾಯಿತು. ಪೂರ್ತಿ ಕೇಳಿಸಿಕೊಂಡರು. ಎದ್ದಿಲ್ಲ.